ಗೋರಿದಿಬ್ಬದ ದ್ರಾಕ್ಷಾರಸ

ಗುದೈಬಿಯಾ

ಬಹರೇನಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮೂರಿನವರು ನನ್ನ ಕೈಯನ್ನೂ ಕೊರಳನ್ನೂ ನೋಡುತ್ತಾರೆ. ಹೊಸ ಬಳೆ ಕಾಣದಿದ್ದರೆ ಅವರಿಗೆ ಮಾತು ಮುಂದುವರಿಸುವ ಉತ್ಸಾಹವೇ ಇರುವುದಿಲ್ಲ. ಚಿನ್ನದ ಪೇಟೆಗೆ ನಾನೂ ಹೋಗಿದ್ದೆ, ಕಣ್ಣು ಉರಿದು ಬೇಗನೆ ಹೊರಗೆ ಬಂದೆ. ಅಲ್ಲಿ ಕಂಡದ್ದರಲ್ಲಿ ನನಗೆ ಮರೆಯಲಾಗದ್ದು ಒಂದು ಮನೆಯ ಅಂಗಳದಲ್ಲಿ, ನೆಲದೊಳಗೆ ಇತ್ತು. ಅದನ್ನು ಹೇಳಿದರೆ, ಉಡುಪಿಯಲ್ಲಿ ಒಂದು ಜೀವಮಾನ ವಿಜ್ಞಾನ ಪಾಠ ಮಾಡಿದ ಟೀಚರಿಗೆ ಮುಪ್ಪಿನಲ್ಲಿ ತಲೆ ಕೆಟ್ಟಿತು ಎಂದಾರು ಎಂಬ ಅಳುಕಿನಿಂದ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಹೋದದ್ದು ತೊಂಬತ್ತರ ದಶಕದ ನಡುವಿನ ಒಂದು ಫೆಬ್ರವರಿಯಲ್ಲಿ, ನಿವೃತ್ತಿಯಾದ ಮರುವರ್ಷ. ತಮ್ಮ ಸದಾನಂದ ವಿಸಿಟ್ ವೀಸಾ ಕಳಿಸಿದ್ದ. ಮನಾಮದ ಮಾರುಕಟ್ಟೆಯಲ್ಲಿ ಅವನದು ಹಣ್ಣಿನ ಸಗಟು ವ್ಯಾಪಾರ. ಅವನ ಮನೆಗೆಂದು ಹಿಂದಿನ ವರ್ಷದ ಮಿಡಿ ಉಪ್ಪಿನಕಾಯಿಯ ಭರಣಿಯೊಂದನ್ನು ಬಾಯಿಗೆ ಬಟ್ಟೆ ಕಟ್ಟಿ, ಮೇಣ ಸುರಿದು, ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಒಯ್ದಿದ್ದೆ. ಕಸ್ಟಮ್ಸಿನವನ ಕಣ್ಣು ಅದರ ಮೇಲೇ ಬಿತ್ತು. ಇಷ್ಟು ಬಂದೋಬಸ್ತಾಗಿ ಮುಚ್ಚಿದ್ದರೆ ಒಳಗಿರುವುದು ಮದ್ಯವೇ ಎಂದು ಅವನ ಲೆಕ್ಕ. ಮಾವಿನಕಾಯಿ ಎಂದರೆ ನಂಬಲಿಲ್ಲ. ಮೇಣ ಕೆತ್ತಿ, ಬಟ್ಟೆ ಬಿಚ್ಚಿ, ಬೆರಳು ಅದ್ದಿ ನೆಕ್ಕಿದ. ಮುಂದೆ ಅವನ ಕಣ್ಣಿನಲ್ಲೂ ಮೂಗಿನಲ್ಲೂ ನೀರು. ಮಾತಾಡಲಾರದೆ ಹೋಗಿ ಎಂದು ಕೈ ಬೀಸಿದ. ಮದ್ಯವಾಗಿದ್ದರೆ ಪಾಪ ಅವನಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಸದಾನಂದನ ಮನೆ ಗುದೈಬಿಯಾದ ಒಂದು ಹಳೆಯ ಕಟ್ಟಡದ ಎರಡನೆಯ ಮಾಳಿಗೆಯಲ್ಲಿತ್ತು. ಕಿಟಕಿ ತೆರೆದರೆ ಕೆಳಗಿನ ಹೋಟೆಲಿನ ಒಗ್ಗರಣೆಯ ವಾಸನೆ, ಎದುರಿನ ಬಾಲ್ಕನಿಯಲ್ಲಿ ನಮ್ಮ ಕಡೆಯ ಬ್ರಹ್ಮಚಾರಿ ಹುಡುಗರ ಒಣಗಿದ ಪ್ಯಾಂಟುಗಳು. ಹೊರಗೆ ಹೋದರೆ ತುಳು, ಮಲಯಾಳ, ಉರ್ದು. ಪರದೇಶಕ್ಕೆ ಬಂದಿದ್ದೇನೆ ಎಂದು ನನಗೆ ನಾನೇ ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು.

ಆ ಮನೆಯಲ್ಲಿ ನನಗೆ ರೇಗುವುದಕ್ಕೂ ನಗುವುದಕ್ಕೂ ಇದ್ದ ಒಂದೇ ಕಾರಣ ತಮ್ಮನ ಹೆಂಡತಿ ವಿನೋದ. ಮೂಡುಬಿದಿರೆ ಕಡೆಯವಳು, ಬಿ.ಎ. ಓದಿದವಳು, ಬ್ಯಾಂಕಿನ ಕೆಲಸ ಎಲ್ಲ ಅವಳೇ ನೋಡಿಕೊಳ್ಳುವುದು. ಆದರೆ ಮೊದಲ ಸಲ ಕರೆದರೆ ಓಗೊಡುವವಳಲ್ಲ. ಸದಾನಂದ ಹಾಲಿನಲ್ಲಿ ಕುಳಿತು ಒಂದು ಲೋಟ ಚಹಾಕ್ಕೆ "ವಿನೋದಾ" ಎನ್ನುತ್ತಾನೆ. ಅಡುಗೆಮನೆಯಲ್ಲಿ ನಿಶ್ಶಬ್ದ. ಮತ್ತೆ "ವಿನೋದಾ." ನಿಶ್ಶಬ್ದ. ಮೂರನೆಯ ಸಲಕ್ಕೆ "ಓ" ಎಂಬ ಉತ್ತರ. ಇದು ದಿನವಿಡೀ ನಡೆಯುತ್ತಿತ್ತು.

"ಕಿವಿ ಕೇಳುದಿಲ್ವಾ ನಿಂಗೆ?" ಎಂದು ಒಮ್ಮೆ ಕೇಳಿದೆ.

"ಕೇಳ್ತದೆ ಅಕ್ಕ. ಆದ್ರೆ ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಒಂದೇ ಸಲ ಕರೆಯುವುದು ಅವು ಮಾತ್ರ."

ಅವು ಎಂದರೆ ಯಾವುವೆಂದು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಸತ್ತವರು ಎಂದು ನಾವೇ ತಿಳಿದುಕೊಳ್ಳಬೇಕು. ಅವುಗಳ ಕರೆಗೆ ಓಗೊಟ್ಟವರ ಆಯುಷ್ಯ ಆ ಓ ಎಂಬ ಸದ್ದಿನ ಜೊತೆಗೇ ಹೋಗಿಬಿಡುತ್ತದಂತೆ. ಅವಳ ದೊಡ್ಡಮ್ಮ ಮಟಮಟ ಮಧ್ಯಾಹ್ನ ಗದ್ದೆಯ ಬದುವಿನಲ್ಲಿ ಹೀಗೆ ಒಂದು ಕರೆಗೆ ಓ ಎಂದು ವಾರದೊಳಗೆ ತೀರಿಕೊಂಡಳಂತೆ.

"ಅದು ಬಿಸಿಲು ಹೊಡೆದದ್ದು ಮಾರಾಯ್ತಿ. ಫೋನು ಬಂದ್ರೆ ಎಂತ ಮಾಡ್ತಿ?"

"ಮೂರು ಸಲ ಬಡಿದ ಮೇಲೆ ಎತ್ತುವುದು" ಎಂದಳು. ತಮಾಷೆ ಮಾಡುತ್ತಿರಲಿಲ್ಲ. ನಾನು ಆ ಒಂದು ತಿಂಗಳು ಅವಳನ್ನು ಗೋಳು ಹೊಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಮನಾಮದ ಹಣ್ಣಿನಂಗಡಿ

ಗೀವಿ ಎಂಬವನನ್ನು ನಾನು ಮೊದಲು ನೋಡಿದ್ದು ಸದಾನಂದನ ಅಂಗಡಿಯಲ್ಲಿ. ಕಿತ್ತಳೆ ಪೆಟ್ಟಿಗೆಗಳ ನಡುವೆ ತಲೆ ಬಗ್ಗಿಸಿ ನಿಂತಿದ್ದ. ಅಷ್ಟು ಎತ್ತರದ ಆಳು. ಜಾರ್ಜಿಯಾ ದೇಶದವನು, ಅಸ್ಕರ್ ಕಡೆಯ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಕರಗಿಸುವ ಕುಲುಮೆಯ ಕೆಲಸ. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಇದ್ದ. ಜೊತೆಯ ಬಿಹಾರಿ, ಪಠಾಣ ಕೆಲಸಗಾರರಿಂದ ಕಲಿತ ಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದ. ಅದನ್ನು ಕೇಳಿ ನನಗೆ ನನ್ನ ಹಿಂದಿಯ ಬಗ್ಗೆ ಅಭಿಮಾನ ಹುಟ್ಟಿತು.

ಹಿಂದಿನ ಶರತ್ಕಾಲದಲ್ಲಿ ಅವನು ಸದಾನಂದನಲ್ಲಿ ಬಿಳಿ ದ್ರಾಕ್ಷಿಯನ್ನು ವ್ಯಾನು ತುಂಬ ಕೊಂಡಿದ್ದನಂತೆ. ಒಂದೊಂದು ಗೊನೆಯನ್ನೂ ಮೂಸಿ, ತೊಟ್ಟು ಹಸಿರಾಗಿದ್ದರೆ ಬದಿಗಿಟ್ಟು, ಕಂದಿದ್ದರೆ ಮಾತ್ರ ಆರಿಸಿ. ಜ್ಯೂಸಿನ ಅಂಗಡಿ ಇಡುತ್ತಾನೆಂದು ತಮ್ಮ ಭಾವಿಸಿದ್ದ. ಈಗ ವಿಷಯ ಹೊರಬಿತ್ತು. ಅವನು ಮನೆಯ ಅಂಗಳದಲ್ಲಿ ಆಳಿಗಿಂತ ಎತ್ತರದ ಮಣ್ಣಿನ ಗುಡಾಣವನ್ನು ಕಂಠದವರೆಗೆ ಹೂತು, ಅದರಲ್ಲಿ ದ್ರಾಕ್ಷಿಯನ್ನು ಸಿಪ್ಪೆ, ಬೀಜ, ತೊಟ್ಟಿನ ಸಮೇತ ತುಂಬಿ, ಬಾಯಿಗೆ ಹಲಗೆ ಇಟ್ಟು ಜೇಡಿಮಣ್ಣು ಮೆತ್ತಿದ್ದ. ಬೇರೆ ಕಡೆ ಬಿಳಿ ದ್ರಾಕ್ಷಿಯ ರಸ ಹಿಂಡಿ ಸಿಪ್ಪೆ ಬಿಸಾಡುತ್ತಾರೆ. ಇವರಲ್ಲಿ ರಸವೂ ಸಿಪ್ಪೆಯೂ ಚಳಿಗಾಲವೆಲ್ಲ ಕತ್ತಲಲ್ಲಿ ಕೂಡಿ ಕುಳಿತು, ವಸಂತಕ್ಕೆ ತೆರೆಯುವಾಗ ವೈನಿಗೆ ಕಿತ್ತಳೆ ಬಣ್ಣ ಬಂದಿರುತ್ತದೆ. ನಮ್ಮ ಉಪ್ಪಿನಕಾಯಿಯ ಭರಣಿಯ ಹಾಗೆಯೇ, ನಡುವೆ ಇಣುಕಿ ನೋಡುವ ಹಾಗಿಲ್ಲ.

ಅವನಿಗೆ ಬೇಕಾಗಿದ್ದದ್ದು ಹಣ್ಣಲ್ಲ. ಟೊಪ್ಪಿ ಕೈಯಲ್ಲಿ ಹಿಡಿದು ಕೇಳಿದ, "ಗಾನೇವಾಲಾ ಆದ್ಮಿ ಚಾಹಿಯೇ." ಹಾಡುವವರು ಬೇಕು.

ಸದಾನಂದ ನಕ್ಕುಬಿಟ್ಟ. ಗೀವಿ ನಗಲಿಲ್ಲ. ಪೆಟ್ಟಿಗೆಯ ಮೇಲೆ ಕುಳಿತು, ಹಿಂದಿ ಸಾಲದೆ ಹೋದಲ್ಲಿ ಕೈಯಿಂದ ತೋರಿಸಿ, ನಿಧಾನವಾಗಿ ಹೇಳಿದ.

ಊರಿನಲ್ಲಿ ಅವರದು ಅಜ್ಜನ ಕಾಲದ ವೈನಿನ ಮನೆಯಂತೆ. ಕಲ್ಲಿನ ಗೋಡೆ, ಒಳಗೆ ಬರಿಯ ಮಣ್ಣಿನ ನೆಲ. ನೆಲದಲ್ಲಿ ಸಾಲಾಗಿ ಗುಡಾಣಗಳ ಬಾಯಿ ಮಾತ್ರ ಕಾಣುವುದು. ತಿಳಿ ತೆಗೆದ ಮೇಲೆ ತಳದ ಸಿಪ್ಪೆಯನ್ನು ತೋಡಲಿಕ್ಕೂ ಗೋಡೆ ಉಜ್ಜಲಿಕ್ಕೂ ಒಬ್ಬ ಒಳಗೆ ಇಳಿಯಬೇಕು. ಕೊಳೆತ ಸಿಪ್ಪೆಯಿಂದ ಕೆಟ್ಟ ಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ಮೇಲೊಬ್ಬರು ಬಾಯಿಯ ಹತ್ತಿರ ಕುಳಿತು ಹಾಡುತ್ತಿರಬೇಕು, ಕೆಳಗಿನವನು ಹಾಡಿಗೆ ಹಾಡು ಸೇರಿಸುತ್ತಿರಬೇಕು. ಕೆಳಗಿನ ಹಾಡು ನಿಂತರೆ ಹಗ್ಗ ಎಳೆಯಬೇಕು. ಗೀವಿ ಚಿಕ್ಕವನಿದ್ದಾಗ ಅವನ ಅಪ್ಪ ಒಂದು ದಿನ ಯಾರನ್ನೂ ಕೂರಿಸದೆ ಒಬ್ಬನೇ ಇಳಿದ. ಮಧ್ಯಾಹ್ನದ ಊಟಕ್ಕೆ ಕರೆಯಲು ಹೋದ ತಾಯಿಗೆ ಅವನು ತಳದಲ್ಲಿ ಕುಳಿತ ಹಾಗೆ ಕಂಡನಂತೆ. ಆಮೇಲೆ ಎಲ್ಲ ವರ್ಷ ಹಾಡಿದ್ದು ತಾಯಿಯೇ. ಯುದ್ಧ ಬಂತು, ಮನೆ ಬಿಟ್ಟು ಓಡಿದರು. ಮುಚ್ಚಿದ ಗುಡಾಣಗಳು ಅಲ್ಲಿಯೇ ಉಳಿದವು. ಈ ಚಳಿಗಾಲದಲ್ಲಿ ತಾಯಿಗೆ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋಯಿತು.

ಬಹರೇನಿನ ಅಂಗಡಿಗಳಲ್ಲಿ ವೈನು ಸಿಗುತ್ತದೆ, ಮನೆಯಲ್ಲಿ ಮಾಡುವ ಹಾಗಿಲ್ಲ. ಕಾರ್ಖಾನೆಯವರಿಗೆ ತಿಳಿದರೆ ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ವಾಪಸು ಹೋಗಲಿಕ್ಕೆ ಊರೇ ಇಲ್ಲ. ಬೇರೆ ಯಾರನ್ನು ಕೇಳಲಿ? ಬಿಸಿಲು ಏರುವ ಮುಂಚೆ ತೆಗೆಯದಿದ್ದರೆ ಹಾಳಾಗುತ್ತದೆ.

"ಅಷ್ಟು ಹೆದರಿಕೆ ಇದ್ರೆ ಯಾಕೆ ಮಾಡ್ಬೇಕು ಮಾರಾಯ?" ಎಂದು ಸದಾನಂದ ಹಿಂದಿಯಲ್ಲಿ ಕೇಳಿದ.

ಬದುಕಿರುವುದು ಗೊತ್ತಾಗಬೇಕಲ್ಲ ಎಂಬ ಅರ್ಥದಲ್ಲಿ ಗೀವಿ ಏನೋ ಅಂದ.

ನಮ್ಮ ಮನೆಯಲ್ಲಿ ಕಂಠವಿರುವುದು ವಿನೋದಳಿಗೆ. ಗುದೈಬಿಯಾದ ಭಜನಾ ಕೂಟದಲ್ಲಿ ಮೊದಲ ಸಾಲು ಎತ್ತುವವಳು ಅವಳೇ. ರಾತ್ರಿ ಊಟಕ್ಕೆ ಕುಳಿತಾಗ ಸದಾನಂದ ಹೇಳಿದ್ದನ್ನೆಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು. "ಅವರು ಕೆಳಗಿಂದ ನನ್ನನ್ನು ಕರೀಲಿಕ್ಕುಂಟಾ?"

ಮರುದಿನ ಗೀವಿಯನ್ನು ಕೇಳಿದೆವು. ಹೆಸರು ಹಿಡಿದು ಕರೆಯುವ ಕ್ರಮವೇ ಇಲ್ಲ, ಒಳಗಿರುವವನು ಹಾಡುತ್ತಾನೆ ಅಷ್ಟೆ ಎಂದ. ಹಾಗಾದರೆ ಅಡ್ಡಿಯಿಲ್ಲ ಎಂದು ಒಪ್ಪಿದಳು.

ಆಲಿ

ಶುಕ್ರವಾರ ಬೆಳಿಗ್ಗೆ ಹೊರಟೆವು. ಊರಿನ ಗಂಡಸರೆಲ್ಲ ಮಸೀದಿಗೆ ಹೋಗುವ ದಿನ, ಓಣಿ ಖಾಲಿಯಿರುತ್ತದೆ ಎಂದು ಗೀವಿಯೇ ಆರಿಸಿದ್ದ. ಮರಳುಗಾಳಿ ಎದ್ದು ಸೂರ್ಯ ತೊಳೆದ ತಟ್ಟೆಯ ಹಾಗೆ ಬಿಳಿಚಿಕೊಂಡಿದ್ದ. ನೆರಳೇ ಬೀಳುತ್ತಿರಲಿಲ್ಲ.

ಗೀವಿ ಇದ್ದ ಆಲಿ ಎಂಬ ಊರಿನ ಸುತ್ತ ದಿಬ್ಬಗಳು. ನಮ್ಮಲ್ಲಿ ಉಳುಮೆಗೆ ಮುಂಚೆ ಗದ್ದೆ ತುಂಬ ಗೊಬ್ಬರದ ರಾಶಿ ಹಾಕುತ್ತಾರಲ್ಲ, ಹಾಗೆ ಕಣ್ಣಿಗೆ ಎಟಕುವಷ್ಟು ದೂರ. ಒಂದೊಂದು ಮಾತ್ರ ಮನೆಗಿಂತ ಎತ್ತರ. "ಇದೆಂತ, ಮಣ್ಣು ತಂದು ಸುರಿದದ್ದಾ?" ಎಂದು ಕೇಳಿದೆ.

"ಗೋರಿ ಅಕ್ಕ" ಎಂದ ಸದಾನಂದ. "ನಾಲ್ಕು ಸಾವಿರ ವರ್ಷದ್ದಂತೆ. ಎಲ್ಲದ್ರ ಒಳಗೂ ಒಬ್ಬೊಬ್ರು."

ವಿನೋದ ಕಾರಿನ ಗಾಜು ಏರಿಸಿದಳು. ಗೋರಿಗಳ ನಡುವೆ ಜನ ಆರಾಮವಾಗಿ ಸಂಸಾರ ಮಾಡಿಕೊಂಡಿದ್ದರು. ಒಂದು ದಿಬ್ಬಕ್ಕೆ ಒರಗಿಸಿ ಪಿಕಪ್ ನಿಲ್ಲಿಸಿದ್ದರು, ಇನ್ನೊಂದರ ಮೇಲಿಂದ ಬಟ್ಟೆ ಒಣಗಿಸುವ ಹಗ್ಗ ಹೋಗಿತ್ತು. ನಮ್ಮಲ್ಲಾದರೆ ಸ್ಮಶಾನದ ಪಕ್ಕದ ಸೈಟನ್ನು ಪುಕ್ಕಟೆ ಕೊಟ್ಟರೂ ಬೇಡ ಎನ್ನುತ್ತಾರೆ.

ಗೀವಿ ನಮ್ಮನ್ನು ಮೊದಲು ಕುಂಬಾರನ ಹತ್ತಿರ ಕರೆದೊಯ್ದ. ಅಲ್ಲಿಯ ಕುಂಬಾರರು ಹಳೆಯ ಗೋರಿಯ ಹೊಟ್ಟೆಯನ್ನೇ ತೋಡಿ ಮಡಕೆ ಸುಡುವ ಒಲೆ ಮಾಡಿಕೊಂಡಿದ್ದಾರೆ. ದಿಬ್ಬದ ಪಕ್ಕೆಯ ಬಿರುಕುಗಳಿಂದ ಹೊಗೆ ಬರುತ್ತಿತ್ತು. ಒಳಗೆ ಯಾರೋ ಅಡುಗೆಗೆ ಇಟ್ಟ ಹಾಗೆ ಕಂಡಿತು ನನಗೆ. ಗೀವಿ ಇಲ್ಲಿಯೇ ವಾರಗಟ್ಟಲೆ ಕುಳಿತು, ಮಣ್ಣಿನ ಬತ್ತಿ ಹೊಸೆದು ಒಂದರ ಮೇಲೊಂದು ಸುತ್ತಿ ಗುಡಾಣ ಏರಿಸಿದ್ದನಂತೆ. ಮುದುಕ ಕುಂಬಾರ ನಮಗೆ ಕಾಫಿ ಕೊಟ್ಟ. ಏಲಕ್ಕಿ ಹಾಕಿದ, ಹಾಲಿಲ್ಲದ ಕಹಿ ಕಾಫಿ. ಕುಡಿದು ಮುಗಿಸಿದ ಕೂಡಲೇ ಮತ್ತೆ ತುಂಬಿದ. ಬೇಡ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಿದೆ, ಮತ್ತೆ ತುಂಬಿದ. ಬಟ್ಟಲನ್ನು ಅಲ್ಲಾಡಿಸಿ ಕೊಟ್ಟರೆ ಮಾತ್ರ ಸಾಕು ಎಂದರ್ಥ ಎಂದು ತಮ್ಮ ಹೇಳುವಷ್ಟರಲ್ಲಿ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮುಂದೆ ಆದದ್ದಕ್ಕೆಲ್ಲ ಆ ಕಾಫಿಯೇ ಕಾರಣ ಎಂದು ಸ್ವಲ್ಪ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಗೀವಿಯ ಅಂಗಳ

ಊರಿನ ಕೊನೆಯ ಮನೆ. ಹಿಂದಿನ ಅಂಗಳದ ಗೋಡೆ ಮುಗಿದಲ್ಲಿ ದಿಬ್ಬಗಳು ಶುರು. ಬಾಗಿಲಲ್ಲಿ ಗೀವಿಯ ತಾಯಿ ನಾನುಲಿ ನಿಂತಿದ್ದಳು. ಮೈತುಂಬ ಕಪ್ಪು ಬಟ್ಟೆ, ತಲೆಗೆ ಕಪ್ಪು ವಸ್ತ್ರ, ಬಾಯಿಯ ಒಂದು ಕೊನೆ ಕೆಳಗೆ ಜಾರಿತ್ತು. ಮಾತು ಇಲ್ಲ. ವಿನೋದಳ ಎರಡೂ ಕೈ ಹಿಡಿದುಕೊಂಡು ಅವಳ ಗಂಟಲನ್ನು ನೋಡಿದಳು, ಮುಖ ನೋಡಲಿಲ್ಲ.

ಅಂಗಳದ ಮೂಲೆಯಲ್ಲಿ ಒದ್ದೆ ಮರಳಿನ ಸಣ್ಣ ಗುಪ್ಪೆ. ಅದರ ಕೆಳಗೆ ಗುಡಾಣದ ಬಾಯಿ. ಇಷ್ಟು ಆಳದ ಹೊಂಡ ಒಬ್ಬನೇ ಹೇಗೆ ತೋಡಿದೆ ಎಂದು ಸದಾನಂದ ಕೇಳಿದ.

"ತೋಡುವ ಕೆಲಸ ಬಹಳ ಇರಲಿಲ್ಲ" ಎಂದ ಗೀವಿ. ಮೇಲಿನ ಮಣ್ಣು ತೆಗೆದರೆ ಒಳಗೆ ಸುತ್ತ ಕಲ್ಲು ಕಟ್ಟಿದ ಹೊಂಡ ಮೊದಲೇ ಇತ್ತಂತೆ. ಗುಡಾಣ ಅಳತೆ ತೆಗೆದು ಮಾಡಿಸಿದ ಹಾಗೆ ಅದರೊಳಗೆ ಕೂತಿತು.

"ಒಳಗೆ ಎಂತ ಇತ್ತು?" ವಿನೋದ ನನ್ನನ್ನು ಕೇಳಿದಳು. ನಾನು ಅದನ್ನು ಹಿಂದಿಗೆ ತಿರುಗಿಸಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದಿರುವುದು ಒಳ್ಳೆಯದು ಎಂದು ವಿಜ್ಞಾನದ ಟೀಚರಿಗೂ ಒಮ್ಮೊಮ್ಮೆ ಅನಿಸುತ್ತದೆ.

ಗೀವಿ ಮರಳು ಸರಿಸಿ, ಜೇಡಿಯನ್ನು ಉಳಿಯಿಂದ ಬಿಡಿಸಿ, ಹಲಗೆ ಎತ್ತಿದ. ಒಳಗಿನಿಂದ ಉದ್ದವಾದ ಒಂದು ಉಸಿರು ಹೊರಬಂತು. ಕಟ್ಟಿಟ್ಟ ಗಾಳಿ ಬಿಡುಗಡೆಯಾದಾಗ ಆಗುವ ಸದ್ದು ಅದು, ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೂ ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ಆಮೇಲೆ ವಾಸನೆ ಬಂತು: ಒದ್ದೆ ಮಣ್ಣು, ಒಣ ಹಣ್ಣು, ಬಹಳ ದಿನ ಮುಚ್ಚಿಟ್ಟ ಕೋಣೆ.

ಉದ್ದ ಕೋಲಿಗೆ ಕಟ್ಟಿದ ಸೋರೆ ಬುರುಡೆಯಿಂದ ತಿಳಿಯನ್ನು ಮೊಗೆದ. ನಮ್ಮ ಊರಿನಲ್ಲಿ ಶೇಂದಿ ಇಳಿಸುವವರ ಸೊಂಟದಲ್ಲಿ ಇದೇ ಬುರುಡೆ ನೋಡಿದ್ದೆ. ಗಾಜಿನ ಬುಡ್ಡಿಗಳಿಗೆ ಬೀಳುವಾಗ ವೈನಿನ ಬಣ್ಣ ಕಂಡಿತು. ಹಣ್ಣಾದ ಗೇರುಹಣ್ಣಿನದೇ ಬಣ್ಣ. ನಾನು ನಾಲಗೆಗೆ ಒಂದು ಹನಿ ಮುಟ್ಟಿಸಿದೆ. ರುಚಿಯೂ ಗೇರುಹಣ್ಣಿನದೇ ಒಗರು, ಬಾಯಿಯ ಒಳಗೆಲ್ಲ ಹಿಡಿದುಕೊಂಡು ಬಿಡಲೊಲ್ಲದು. ಉಳಿದವರಿಗೆ ಅಷ್ಟೂ ಸಿಗಲಿಲ್ಲ. ಇಳಿದವನು ಮೇಲೆ ಬಂದ ಮೇಲೆ ಮೊದಲ ಬಟ್ಟಲು ತುಂಬಬೇಕು, ಅಲ್ಲಿಯವರೆಗೆ ಕುಡಿಯುವ ಹಾಗಿಲ್ಲ ಎಂದು ಗೀವಿ ಹೇಳಿದ, ನಾನುಲಿ ಕೈ ಅಡ್ಡ ಮಾಡಿದಳು.

ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುವುದು ನಮ್ಮಲ್ಲೂ ಉಂಟು, ಹಾಗೆ ಮಾಡಿ ಎಂದೆ ನಾನು. ಗೀವಿ ಮೇಣದ ಬತ್ತಿಯನ್ನು ಆಗಲೇ ತಂತಿಗೆ ಕಟ್ಟಿಕೊಂಡಿದ್ದ. ಒಳಗೆ ನಿಂತವನ ಎದೆಯೆತ್ತರಕ್ಕೆ ತೂಗಬಿಟ್ಟ. ಜ್ವಾಲೆ ಅಲ್ಲಾಡದೆ ಉರಿಯಿತು. ಸೊಂಟಕ್ಕೂ ತೋಳಿಗೂ ಹಗ್ಗ ಬಿಗಿದುಕೊಂಡ. ಅದರ ತುದಿ ನನಗೂ ಸದಾನಂದನಿಗೂ.

"ಗಾನಾ ಬಂದ್, ತೋ ರಸ್ಸಿ ಖೀಂಚೋ" ಎಂದ. "ಸೋಚೋ ಮತ್." ಹಾಡು ನಿಂತರೆ ಹಗ್ಗ ಎಳೆಯಿರಿ, ಯೋಚಿಸುತ್ತಾ ಕೂರಬೇಡಿ.

ತಾಯಿ ಅವನ ಹಣೆಗೆ ಮುತ್ತು ಕೊಟ್ಟಳು. ಗುಡಾಣದ ಕತ್ತು ಅವನನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತೆಗೆದುಕೊಂಡಿತು. ಕೊನೆಗೆ ತಲೆಯೂ ಹೋಯಿತು.

ವಿನೋದ ಬಾಯಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತು ಭಜನೆ ಎತ್ತಿದಳು. ಕೆಳಗಿನಿಂದ ಗೀವಿ ತನ್ನ ಭಾಷೆಯ ಹಾಡು ಸೇರಿಸಿದ. ಎರಡಕ್ಕೂ ಹೊಂದಿಕೆಯೇ ಇರಲಿಲ್ಲ, ಆದರೆ ಅವಳ ಸಾಲು ಮುಗಿದಲ್ಲಿ ಅವನದು ಬಂದು ಕೂಡಿಕೊಳ್ಳುತ್ತಿತ್ತು. ಬಕೆಟ್ಟು ಇಳಿಯಿತು, ಸಿಪ್ಪೆ ತುಂಬಿ ಬಂತು. ಮತ್ತೆ ಇಳಿಯಿತು. ದೂರದ ಮಸೀದಿಯ ಧ್ವನಿವರ್ಧಕದಲ್ಲಿ ಪ್ರವಚನ ಶುರುವಾಗಿತ್ತು. ಗಾಳಿ ಬಂದಾಗ ಕೇಳುತ್ತಿತ್ತು, ನಿಂತಾಗ ಇಲ್ಲ. ನನಗೆ ಧೈರ್ಯ ಬಂದು ಸದಾನಂದನ ಜೊತೆ ಮಧ್ಯಾಹ್ನದ ಊಟದ ಮಾತಾಡುತ್ತಿದ್ದೆ.

ಬಕೆಟ್ಟು ತುಂಬಲು ಹೆಚ್ಚು ಹೊತ್ತು ಹಿಡಿಯತೊಡಗಿತು. ತಳ ಬಂದಿರಬೇಕು, ಬಗ್ಗಿ ತೋಡುತ್ತಿರಬೇಕು ಎಂದುಕೊಂಡೆವು. ಹಾಡು ಬರುತ್ತಲೇ ಇತ್ತಲ್ಲ. ಶಬ್ದಗಳಿಲ್ಲದ, ಮೂಗಿನಲ್ಲಿ ಗುನುಗುವ ಹಾಡು. ವಿನೋದ ಒಂದು ಸಾಲು ಮುಗಿಸುತ್ತಾಳೆ, ಕೆಳಗಿನಿಂದ ಗುನುಗು ಬರುತ್ತದೆ. ಬತ್ತಿಯ ಬೆಳಕು ಕತ್ತಿನ ಒಳಗೆ ಹಳದಿಯಾಗಿ ಕಾಣುತ್ತಿದೆ. ಹಗ್ಗ ಸಡಿಲವಾಗಿದೆ. ಎಲ್ಲ ಸರಿಯಿದೆ.

ವಿನೋದ ಸಾಲು ಮುಗಿಸಿ ಉಸಿರು ಎಳೆದುಕೊಂಡಳು. ಆ ಬಿಡುವಿನಲ್ಲಿ ಗುಡಾಣದ ಒಳಗಿನಿಂದ ಯಾರೋ ಕರೆದರು.

"ವಿನೋದಾ."

ಜೋರಾಗಿ ಅಲ್ಲ. ಒಳಕೋಣೆಯಿಂದ ನೀರು ಕೇಳುವ ಹಿರಿಯರ ಹಾಗೆ, ಉತ್ತರ ಬಂದೇ ಬರುತ್ತದೆ ಎಂಬ ಸಮಾಧಾನದಲ್ಲಿ. ಗಂಡಸಿನ ಸ್ವರ. ನಾನು ಕೇಳಿದೆ. ಸದಾನಂದನೂ ಕೇಳಿದ, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ವಿನೋದ ತುಟಿ ಬಿಗಿದು ಕುಳಿತಿದ್ದಳು. ಹಾಡನ್ನೂ ಮುಂದುವರಿಸಲಿಲ್ಲ. ಎರಡನೆಯ ಕರೆ ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ದಿನವೂ ಅವಳನ್ನು ಗೇಲಿ ಮಾಡಿದ ನಾನೂ ಆ ಕ್ಷಣ ಎರಡನೆಯ ಕರೆಗೇ ಕಾದೆ. ನನ್ನ ಕೈಗಳು ಹಗ್ಗವನ್ನು ಹಿಡಿದಿದ್ದವು, ಎಳೆಯಲಿಲ್ಲ. ಕೆಳಗಿನ ಗುನುಗೂ ಇರಲಿಲ್ಲ.

"ಓ" ಎಂದಳು ವಿನೋದ.

ಗಟ್ಟಿಯಾಗಿ, ಗುಡಾಣದ ಬಾಯಿಗೆ ಬಾಯಿಟ್ಟು, "ಓ... ಬಂದೆ!" ಎಂದು ಕೂಗಿ ನಮ್ಮ ಕಡೆ ತಿರುಗಿ ಹಗ್ಗಕ್ಕೆ ಕೈ ಹಾಕಿದಳು. "ಎಳೀರಿ! ಅಕ್ಕ, ಎಳೀರಿ, ಎಂತ ನೋಡ್ತೀರಿ!"

ಎಳೆದೆವು. ಮೇಲೆ ಬರುತ್ತಿದ್ದದ್ದು ಭಾರ ಮಾತ್ರ, ಅದಕ್ಕೆ ಕೈಕಾಲಿನ ಸಹಾಯವಿರಲಿಲ್ಲ. ನಾನುಲಿಯೂ ಬಂದು ಹಗ್ಗಕ್ಕೆ ಜೋತುಬಿದ್ದಳು. ಗೀವಿಯ ತಲೆ ಎದೆಯ ಮೇಲೆ ಬಿದ್ದಿತ್ತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಮರಳಿನ ಮೇಲೆ ಮಲಗಿಸಿದೆವು. ಸದಾನಂದ ಎದೆ ಒತ್ತಿದ, ನಾನು ಮುಖಕ್ಕೆ ನೀರು ಎರಚಿದೆ, ತಾಯಿ ಸದ್ದಿಲ್ಲದ ಬಾಯಿ ತೆರೆದು ಅವನ ಕೆನ್ನೆಗೆ ಹೊಡೆಯುತ್ತಲೇ ಇದ್ದಳು. ಅವನು ಕೆಮ್ಮಿ ಉಸಿರೆಳೆದುಕೊಂಡಾಗ ನಾನು ಅಲ್ಲಿಯೇ ಕುಳಿತೆ.

ಗುಡಾಣದ ಒಳಗೆ ಬತ್ತಿ ಇನ್ನೂ ಉರಿಯುತ್ತಿತ್ತು. ಅದರ ಕಾರಣ ನನಗೆ ಗೊತ್ತು. ಆ ಗಾಳಿ ಭಾರದ್ದು, ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಬತ್ತಿ ಇದ್ದದ್ದು ಎದೆಯೆತ್ತರದಲ್ಲಿ, ಅವನು ಬಗ್ಗಿದ್ದು ಪಾದದ ಹತ್ತಿರ. ಗುನುಗಿಗೂ ಕಾರಣ ಉಂಟು. ಖಾಲಿಯಾದ ಗುಡಾಣ ವಿನೋದಳ ಸ್ವರವನ್ನೇ ಹಿಂದಕ್ಕೆ ಕೊಡುತ್ತಿತ್ತು, ಅದನ್ನೇ ನಾವು ಗೀವಿಯ ಹಾಡು ಎಂದುಕೊಂಡೆವು. ಅವನು ಯಾವಾಗ ಬಿದ್ದನೋ ಯಾರಿಗೆ ಗೊತ್ತು. ಆ ಕರೆ ಬಾರದಿದ್ದರೆ ನಾವು ಇನ್ನಷ್ಟು ಹೊತ್ತು ಊಟದ ಮಾತಾಡುತ್ತಾ ಕೂರುತ್ತಿದ್ದೆವು. ಇದನ್ನೆಲ್ಲ ಅಲ್ಲಿಯೇ ವಿವರಿಸಲು ಹೊರಟೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ವಿನೋದ ಗೋಡೆಗೆ ಒರಗಿ ಕುಳಿತಿದ್ದಳು.

"ಅಕ್ಕ, ನಾನು ಓಗೊಟ್ಟೆ."

"ಒಳ್ಳೆದೇ ಆಯ್ತಲ್ಲ ಮಗ, ಜೀವ ಉಳೀತು."

"ಒಂದೇ ಸಲ ಕರೆದದ್ದು. ನಂಗೆ ಗೊತ್ತಾಯ್ತು. ಗೊತ್ತಿದ್ದೇ ಓಗೊಟ್ಟೆ."

"ಯಾಕೆ ಮತ್ತೆ?"

"ಎರಡನೇ ಸಲ ಕರೀಲಿಕ್ಕೆ ಆ ಮನುಷ್ಯನಲ್ಲಿ ಉಸಿರೇ ಇಲ್ಲದಿದ್ರೆ ಎಂತ ಮಾಡುವುದು ಅಂತ ಕಂಡಿತು" ಎಂದಳು. ಅವಳ ಕೈ ಮಂಜಿನ ಹಾಗೆ ತಣ್ಣಗಿತ್ತು. ನಾನು ಅದನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳ ಮೇಲೆ ನನಗೆ ಹುಟ್ಟಿದ ಗೌರವವನ್ನು ಅವತ್ತು ಹೇಳಲಿಲ್ಲ, ಹೇಳಬೇಕಾಗಿತ್ತು.

ಅವಳಿಗೆ ಸಮಾಧಾನವಾಗಲಿ ಎಂದು ಸದಾನಂದ ಗೀವಿಯನ್ನು ಕೇಳಿದ. ನೀನೇ ಅಲ್ಲವಾ ಕರೆದದ್ದು? ಆಗಷ್ಟೇ ಎದ್ದು ಕುಳಿತಿದ್ದ ಗೀವಿ ತಲೆ ಅಲ್ಲಾಡಿಸಿದ. ಬಗ್ಗಿದ್ದು ಮಾತ್ರ ನೆನಪು, ಆಮೇಲೆ ಏನೂ ಇಲ್ಲ. ಕರೆಯುವುದಾದರೂ ಭಾಭಿ ಎನ್ನುತ್ತಿದ್ದೆ, ಹೆಸರು ಬಾಯಿಗೆ ಬರುವುದಿಲ್ಲ ಎಂದ. ನಿಜ, ಅವನು ಅವಳನ್ನು ಒಮ್ಮೆಯೂ ಹೆಸರಿನಿಂದ ಕರೆದಿರಲಿಲ್ಲ.

ಮಸೀದಿಯ ಪ್ರವಚನ ಮುಗಿದಿತ್ತು.

ನಾನುಲಿ ಎದ್ದಳು. ಬುಡ್ಡಿಯಿಂದ ಮೊದಲ ಬಟ್ಟಲು ತುಂಬಿದಳು. ಮಗನಿಗೆ ಕೊಡಲಿಲ್ಲ. ಗುಡಾಣದ ಹತ್ತಿರ ಹೋಗಿ, ತನ್ನ ಮೇಲ್ತುಟಿಯ ಎರಡೂ ಬದಿಗೆ ಬೆರಳು ಎಳೆದು ದೊಡ್ಡ ಮೀಸೆ ತೋರಿಸಿದಳು. ಆಮೇಲೆ ಕಿವಿ ಮುಟ್ಟಿ, ಗುಡಾಣ ಮುಟ್ಟಿ, ಜಾರಿದ ಬಾಯಿಯಲ್ಲೇ ನಕ್ಕಳು. ಆ ನಗುವಿನಲ್ಲಿ ಹೆದರಿಕೆಯಿರಲಿಲ್ಲ. ನಾಚಿಕೆಯಿತ್ತು, ಗಂಡ ಊರಿನಿಂದ ಬಂದ ಸುದ್ದಿ ಕೇಳಿದ ಹೆಂಗಸಿನ ಮುಖ ಅದು.

"ಮಾ ಬೋಲ್ತೀ ಹೈ..." ಎಂದು ಶುರು ಮಾಡಿದ ಗೀವಿ ಒಂದು ಸಲ ಗುಡಾಣದ ಕಡೆ ನೋಡಿದ. ಅಪ್ಪನ ಧ್ವನಿ ಎನ್ನುತ್ತಿದ್ದಾಳೆ ಎಂದ. ನಾನುಲಿ ಬಟ್ಟಲನ್ನು ಗುಡಾಣದೊಳಗೆ ಬಗ್ಗಿಸಿದಳು. ತಳಕ್ಕೆ ಬಿದ್ದ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು ಎಂದು ನನಗೆ ಅನಿಸಿತು.

ವಿನೋದ ಕಣ್ಣೊರೆಸಿಕೊಂಡಳು. "ಅವರ ಹೆಸರು ಎಂತ ಅಂತ ಕೇಳಿ" ಎಂದಳು ಗಂಡನಿಗೆ.

"ಶಾಲ್ವಾ" ಎಂದ ಗೀವಿ.

ಅವಳು ಎದ್ದು ಹೋಗಿ ಗುಡಾಣದ ಬಳಿ ಮಂಡಿಯೂರಿದಳು. ಹಿರಿಯರ ಎದುರು ಮಾಡುವ ಹಾಗೆ ಸೆರಗನ್ನು ಹೆಗಲ ಮೇಲೆ ಹೊದ್ದುಕೊಂಡಳು. ಬೇಡ ಎಂದು ನಾನು ಕೈ ಬೀಸಿದೆ, ಅವಳು ನೋಡಲಿಲ್ಲ.

"ಶಾಲ್ವಾ ಮಾವ" ಎಂದಳು, ಒಳಗೆ ಬಗ್ಗಿ, ಕನ್ನಡದಲ್ಲಿಯೇ. "ಮಗ ಮೇಲೆ ಬಂದ. ಹುಷಾರಿದ್ದಾನೆ. ನೀವು ಇನ್ನು ಕರೆಯುವುದು ಬೇಡ. ಕೇಳಿತಾ?"

ಹೇಳಿ, ತಲೆಯನ್ನು ಒಂದು ಬದಿಗೆ ವಾಲಿಸಿ, ಕಿವಿಯನ್ನು ಗುಡಾಣದ ಬಾಯಿಗೆ ಕೊಟ್ಟು ಕಾದಳು. ಗೀವಿ ಕಾದ. ನಾನುಲಿ ಕಾದಳು. ಸ್ವಲ್ಪ ಹೊತ್ತಿನ ಮೇಲೆ ವಿನೋದ ನಿಧಾನವಾಗಿ ತಲೆದೂಗಿದ್ದು ಕಂಡೆ. ಒಳಗಿನಿಂದ ಉತ್ತರ ಬಂತೋ ಇಲ್ಲವೋ ನಾನು ಹೇಳಲಾರೆ. ನಾನು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ.